ಅಟ್ಟದಲ್ಲಿ ಸಿಕ್ಕ ಪೇಟದ ಮುತ್ತಾತ, ಬರೆದವರು ಯಾರು?

ಅಗ್ರಹಾರದ ಹುಡುಗಿ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ಹಳೇ ಮನೆ ಖಾಲಿ ಮಾಡುತ್ತಿದ್ದೇವೆ. ಅಟ್ಟದಲ್ಲಿ ಪಂಚೆಯಲ್ಲಿ ಸುತ್ತಿಟ್ಟ ದೊಡ್ಡ ಪಟ ಸಿಕ್ಕಿತು, ಮೂರಡಿ ಎತ್ತರ ಇರಬಹುದು. ಜರಿ ಪೇಟ, ಉದ್ದ ಕರೀ ಕೋಟು, ಹೆಗಲ ಮೇಲೆ ಅಂಗವಸ್ತ್ರ. ನಮ್ಮ ಮುತ್ತಾತ ಅಂತ ಅಪ್ಪ ಹೇಳುತ್ತಾರೆ, ಆದರೆ ಅಪ್ಪನೂ ಅವರನ್ನು ನೋಡಿದವರಲ್ಲ. ಸಹಿ ಇಲ್ಲ. ಎಲ್ಲಾ ಕಂದು ಹಿಡಿದಿದೆ, ಮುಖ ಮಾತ್ರ ಎದ್ದು ಕಾಣುತ್ತದೆ. ರವಿವರ್ಮ ಅರಮನೆಗೆ ಬಂದಿದ್ದನಲ್ವಾ, ಅವನದ್ದೇ ಇರಬೇಕು ಎನ್ನುತ್ತಾರೆ ದೊಡ್ಡಪ್ಪ. ಹಸಿ ಆಲೂಗಡ್ಡೆ ತಿಕ್ಕಿದರೆ ಹೊಳೆಯುತ್ತದೆ ಎಂದು ಮನೆಯಲ್ಲಿ ಒಬ್ಬರು. ಹಳೇ ಸಾಮಾನಿನವನೊಬ್ಬ ಈಗಲೇ ಕೊಡಿ ಅಂತ ಬೆನ್ನು ಬಿದ್ದಿದ್ದಾನೆ. ಏನು ಮಾಡಲಿ?

ಚಿತ್ರದ ಮೇಷ್ಟ್ರು
ಆಲೂಗಡ್ಡೆ ಬೇಡಮ್ಮ, ದಯವಿಟ್ಟು ಬೇಡ. ಒದ್ದೆ ಬಟ್ಟೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಆ ಕಂದು ಬರೀ ಕೊಳೆಯಲ್ಲ. ಎಣ್ಣೆಬಣ್ಣ ಒಣಗಿದ ಮೇಲೆ ಮರದ ಅಂಟಿನಿಂದ ಮಾಡಿದ ವಾರ್ನಿಷ್ ಬಳಿಯುತ್ತಿದ್ದರು, ಅದು ವರ್ಷ ಕಳೆದ ಹಾಗೆ ಹಳದಿಯಾಗಿ ಆಮೇಲೆ ಕಂದಾಗುತ್ತದೆ, ಅದರ ಮೇಲೆ ದೀಪದ ಹೊಗೆ ಬೇರೆ. ಬಿರುಕಿನೊಳಗೆ ನೀರು ಇಳಿದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಗೆ ಹೋದ ಒಂದು ಮುಖವನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಪಟದ ಬೆನ್ನು ನೋಡಿ. ಬಟ್ಟೆಯಾ, ರಟ್ಟಾ? ಬಟ್ಟೆಯಾದರೆ ಕ್ಯಾನ್ವಾಸ್ ಮಾರಿದ ಕಂಪನಿಯ ಮುದ್ರೆ ಇದೆಯಾ, ಮೂಲೆಯಲ್ಲಿ ಬಟ್ಟೆ ಬಿಗಿ ಮಾಡುವ ಮರದ ಬೆಣೆಗಳಿವೆಯಾ ನೋಡಿ. ಎಷ್ಟೋ ಸಲ ಸಹಿಗಿಂತ ಬೆನ್ನೇ ಜಾಸ್ತಿ ಹೇಳುತ್ತದೆ.

ರವಿವರ್ಮರ ವಿಷಯ. ಅವರು 1885ರಲ್ಲಿ ಹತ್ತನೇ ಚಾಮರಾಜ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರ ಬರೆದದ್ದು ನಿಜ. ಆದರೆ ಆ ಕಾಲದ ಪೇಟದ ಯಜಮಾನರೆಲ್ಲ ಅವರ ಮುಂದೆ ಕೂತವರಲ್ಲ. ಮೈಸೂರಿನಲ್ಲಿ ಎಣ್ಣೆಬಣ್ಣದ ಭಾವಚಿತ್ರ ಅವರಿಂದ ಶುರುವಾದದ್ದೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಇಲ್ಲಿಗೆ ಬಂದು ದಿವಾನ್ ಪೂರ್ಣಯ್ಯನವರ ಚಿತ್ರ ಬರೆದಿದ್ದರು. ಒಮ್ಮೆ ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮರ ಮೂಲ ಚಿತ್ರಗಳ ಮುಂದೆ ನಿಂತು, ಮುಖದ ಚರ್ಮಕ್ಕೆ ಬೆಳಕು ಹೇಗೆ ಬಿದ್ದಿದೆ, ಜರಿಗೆ ಎಷ್ಟು ಕಡಿಮೆ ಬಣ್ಣ ಹಾಕಿದ್ದಾರೆ ನೋಡಿ ಬನ್ನಿ.

ಹಳೇ ಫೋಟೋ
ಮುಖ ಮಾತ್ರ ಎದ್ದು ಕಾಣುತ್ತದೆ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಆಗ ಸ್ಟುಡಿಯೋಗಳಲ್ಲಿ ಫೋಟೋವನ್ನೇ ದೊಡ್ಡದು ಮಾಡಿ ಮೇಲೆ ಬಣ್ಣ ಹಚ್ಚುತ್ತಿದ್ದರು. ಮುಖದ ಮೇಲೆ ತೆಳುವಾಗಿ, ಪೇಟ, ಕೋಟು, ಪರದೆಗೆ ದಪ್ಪವಾಗಿ. ಭೂತಗನ್ನಡಿ ಹಿಡಿದು ಕೆನ್ನೆ ನೋಡಿ. ಕುಂಚದ ಗೆರೆಯೇ ಇಲ್ಲದೆ ನುಣ್ಣಗಿದ್ದರೆ ಒಳಗೆ ಫೋಟೋ ಇರಬಹುದು. ಸಣ್ಣ ಸಣ್ಣ ಚುಕ್ಕೆಗಳೇ ತುಂಬಿದ್ದರೆ ಅದು ಅಚ್ಚು.

ಮಾರುವುದಕ್ಕೆ ಅವಸರ ಮಾಡಬೇಡಿ. 100 ವರ್ಷ ದಾಟಿದ ಚಿತ್ರ 1972ರ ಕಾಯ್ದೆಯಲ್ಲಿ ಪ್ರಾಚೀನ ವಸ್ತು, ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಒಯ್ಯುವಾಗ ಚಿತ್ರ ನಿಂತ ಹಾಗೇ ಇರಲಿ, ಸುರುಳಿ ಸುತ್ತಬೇಡಿ.

ಚಿತ್ರದ ಮೇಷ್ಟ್ರು
ಇವರು ಹೇಳಿದ್ದು ಸರಿ. ಅಲ್ಲಿಯವರೆಗೆ ಮಳೆನೀರು ಕುಡಿಯುವ ಹೊರಗೋಡೆಗೆ ತೂಗುಹಾಕಬೇಡಿ, ಒಳಗಿನ ಕೋಣೆಯಲ್ಲಿಡಿ. ಹಾಗೇ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರನ್ನು ಇವತ್ತೇ ಕೇಳಿ, ನಾಳೆ ಅನ್ನಬೇಡಿ.

ಅಗ್ರಹಾರದ ಹುಡುಗಿ
ಬೆನ್ನು ನೋಡಿದೆ, ರಟ್ಟು. ಕೆನ್ನೆ ಪೂರ್ತಿ ನುಣ್ಣಗಿದೆ, ಜರಿ ಮಾತ್ರ ಕೈಗೆ ತಗಲುವಷ್ಟು ದಪ್ಪ. ಮಂಡ್ಯದಲ್ಲಿರುವ ಅಪ್ಪನ ಸೋದರತ್ತೆಗೆ ಫೋನ್ ಮಾಡಿದೆ, 91 ವರ್ಷ ಅವರಿಗೆ. ಮುತ್ತಾತ ತೀರಿಕೊಂಡ ಮೇಲೆ ಮುತ್ತಜ್ಜಿ ಹಟ ಹಿಡಿದು ಒಂದು ಸಣ್ಣ ಫೋಟೋ ಕೊಟ್ಟು ಇದನ್ನು ಮಾಡಿಸಿದರಂತೆ, ಅವರಿಗೆ ಜರಿ ಪೇಟವೇ ಇರಲಿಲ್ಲವಂತೆ, ಅದು ಬಣ್ಣದವರು ಹಾಕಿದ್ದು. ಆ ಸಣ್ಣ ಫೋಟೋ ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೂ ಇದೆಯಂತೆ. ಭಾನುವಾರ ಮಂಡ್ಯಕ್ಕೆ ಹೋಗುತ್ತಿದ್ದೇನೆ. ದೊಡ್ಡಪ್ಪನೂ ಬರುತ್ತೇನೆ ಎಂದಿದ್ದಾರೆ.