ಪದಚರ್ಚೆ: ‘ನರ’ ಎಂದರೆ ಯಾವುದು? (ಶನಿವಾರದೊಳಗೆ ಬೇಕು)

ಹಾಸನದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಆರು ಫಲಕಗಳನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ: ಜೀರ್ಣಾಂಗ, ಉಸಿರಾಟ, ರಕ್ತಪರಿಚಲನೆ, ನರ, ವಿಸರ್ಜನೆ, ಮೂಳೆ ಮತ್ತು ಸ್ನಾಯು. ನಾಲ್ಕು ಮುಗಿದಿವೆ. ರಕ್ತದ ಫಲಕ ಮತ್ತು ನರದ ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮುದ್ರಿಸುವವರು ಶನಿವಾರ ಬೆಳಿಗ್ಗೆ ಕೇಳಿದ್ದಾರೆ.

ರಕ್ತಪರಿಚಲನೆಯ ಚಿತ್ರದಲ್ಲಿ ಹೃದಯದಿಂದ ರಕ್ತ ಒಯ್ಯುವ ಕೆಂಪು ಗೆರೆಗೆ ‘ಅಪಧಮನಿ’, ಹೃದಯಕ್ಕೆ ಮರಳಿ ತರುವ ನೀಲಿ ಗೆರೆಗೆ ‘ಅಭಿಧಮನಿ’ ಎಂದು ಪಠ್ಯಪುಸ್ತಕದಲ್ಲಿರುವಂತೆ ಬರೆದೆ. ಕೇಂದ್ರಕ್ಕೆ ಬಂದಿದ್ದ ನಾಲ್ಕೈದು ಹೆಂಗಸರಿಗೆ ತೋರಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಒಬ್ಬರು ತಮ್ಮ ಮುಂಗೈ ಮುಂದೆ ಹಿಡಿದು, ನೀಲಿಯಾಗಿ ಎದ್ದು ಕಾಣುವುದನ್ನು ತೋರಿಸಿ, “ಇದು ನರ ಅಲ್ಲವೇ?” ಎಂದು ಕೇಳಿದರು. ಗ್ಲೂಕೋಸ್ ಹಾಕುವಾಗ ದಾದಿಯರೂ ‘ನರ ಸಿಗುತ್ತಿಲ್ಲ’ ಎಂದೇ ಹೇಳುತ್ತಾರೆ. ಪಕ್ಕದ ಫಲಕದಲ್ಲಿ ಮಿದುಳಿನಿಂದ ಇಳಿಯುವ ಹಳದಿ ಗೆರೆಗಳಿಗೂ ನಾನು ‘ನರ’ ಎಂದೇ ಬರೆಯಬೇಕಲ್ಲ!

ನಮ್ಮ ತಂದೆಯವರು ಹೋಟೆಲಿನಲ್ಲಿ ಒಲೆಯ ಮುಂದೆ ನಿಂತು ದುಡಿದವರು. ಕಾಲಿನಲ್ಲಿ ಹಗ್ಗದಂತೆ ಉಬ್ಬಿಕೊಂಡದ್ದನ್ನು ತೋರಿಸಲು ಹೋದಾಗ, ಚೀಟಿ ಬರೆಯುವ ಕಿಟಕಿಯಲ್ಲಿ ‘ನರ ಉಬ್ಬಿದೆ’ ಎಂದರು. ನರರೋಗ ವಿಭಾಗಕ್ಕೆ ಚೀಟಿ ಬಂತು. ಸಂಜೆಯವರೆಗೆ ಕಾದು ಕುಳಿತ ಮೇಲೆ ‘ಇದು ನಮ್ಮದಲ್ಲ, ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ’ ಎಂಬ ಉತ್ತರ ಸಿಕ್ಕಿತು. ಆ ನೋವಿನ ಕಾಲಿನಲ್ಲಿ ಅವರು ಮತ್ತೊಂದು ದಿನ ಹೋಗಬೇಕಾಯಿತು. ಹಾಗಾಗಿ ದಯವಿಟ್ಟು ಬೇಗ ತಿಳಿಸಿ.

ಮೈಸೂರಿನಿಂದ:

ನರಗಳ ಇಡೀ ವ್ಯವಸ್ಥೆಗೆ ಪಠ್ಯಪುಸ್ತಕದಲ್ಲಿರುವ ‘ನರವ್ಯೂಹ’, ‘ನರಮಂಡಲ’ ಎರಡೂ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ, ವ್ಯಾಕರಣ ಒಪ್ಪದ ಸಮಾಸ. ನರ ದೇಶ್ಯ, ತಮಿಳಿನ ನರಂಬು, ತೆಲುಗಿನ ನರಮು ನೋಡಿ. ವ್ಯೂಹ, ಮಂಡಲ ತತ್ಸಮ. 13ನೆಯ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದನ್ನು ನಾವು ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿ ಮಕ್ಕಳಿಗೆ ಕೊಟ್ಟಿದ್ದೇವೆ. ‘ನಾಡೀವ್ಯೂಹ’ ಎಂದು ಬರೆಯಿರಿ. ತೆಲುಗರು ನಾಡೀ ವ್ಯವಸ್ಥೆ ಎನ್ನುತ್ತಾರೆ, ಅವರಿಗೆ ಕಷ್ಟವಾಗಿಲ್ಲ. ಅಪಧಮನಿ, ಅಭಿಧಮನಿಗಳನ್ನು ಮುಟ್ಟಬೇಡಿ. ಓದುವವರಿಗೆ ಗೊತ್ತಿಲ್ಲದಿದ್ದರೆ ಕಲಿಸಬೇಕು.

ಶಿವಮೊಗ್ಗದಿಂದ:

ಅರಿಸಮಾಸದ ತಪ್ಪು ನರದ್ದಲ್ಲ, ವ್ಯೂಹದ್ದು. ನಮ್ಮ ಮನೆಯ ಪದವನ್ನು ಹೊರಗೆ ಹಾಕಿ, ಬಂದ ಪದವನ್ನು ಉಳಿಸಿಕೊಳ್ಳುವ ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ‘ನರಗಳ ಏರ್ಪಾಟು’ ಎನ್ನಿ. ರಕ್ತಕ್ಕೆ ನೆತ್ತರು ಇದೆ. ‘ನೆತ್ತರುಗೊಳವೆ’ ಎಂದರೆ ಮುಂಗೈ ತೋರಿಸಿದ ಆ ಹೆಂಗಸಿಗೂ ತಿಳಿಯುತ್ತದೆ. ಗುಂಡಿಗೆಯಿಂದ ಹೊರಗೆ ಒಯ್ಯುವುದು ಒಯ್ಗೊಳವೆ, ಮರಳಿ ತರುವುದು ತರುಗೊಳವೆ. ಬೇರೆ ಏನೂ ಬೇಡ.

ರಾಯಚೂರಿನಿಂದ:

ನಾನು ಭಾಷಾಪಂಡಿತನಲ್ಲ. ಮೂವತ್ತು ವರ್ಷ ಆರೋಗ್ಯ ಸಹಾಯಕನಾಗಿ ಹಳ್ಳಿಗಳನ್ನು ಸುತ್ತಿದವನು. ಮೈಸೂರಿನ ಹಿರಿಯರ ‘ನಾಡೀವ್ಯೂಹ’ ಈ ಗೋಡೆಗೆ ಸಲ್ಲದು. ಕನ್ನಡಿಗರಿಗೆ ನಾಡಿ ಎಂದರೆ ಮಣಿಕಟ್ಟಿನಲ್ಲಿ ಬಡಿಯುವುದು. ಅಲ್ಲಿ ಬಡಿಯುವುದು ಅಪಧಮನಿ. ಮಿದುಳಿನ ಚಿತ್ರದ ಮೇಲೆ ನಾಡಿ ಎಂದು ಬರೆದರೆ, ರಕ್ತದಿಂದ ಬಿಡಿಸಿಕೊಳ್ಳಲು ಹೊರಟವರು ಮತ್ತೆ ರಕ್ತಕ್ಕೇ ಹೋಗಿ ಸೇರುತ್ತೇವೆ.

ಜನ ಅಭಿಧಮನಿಯನ್ನು ನರ ಎನ್ನುವುದು ಕಣ್ಣಿಗೆ ಕಾಣುವುದರಿಂದ. ಅಪಧಮನಿಗಳು ಹೆಚ್ಚಾಗಿ ಆಳದಲ್ಲಿ ಸಾಗುತ್ತವೆ. ಅವುಗಳ ಗೋಡೆ ದಪ್ಪ, ಒಳಗಿನ ಒತ್ತಡ ಹೆಚ್ಚು. ಚರ್ಮದ ಅಡಿಯಲ್ಲೇ ಹರಿದಾಡುವ ಅಭಿಧಮನಿಯ ಗೋಡೆ ತೆಳು, ಒತ್ತಡ ಕಡಿಮೆ. ಸೂಜಿ ಚುಚ್ಚುವುದು ಅಲ್ಲಿಗೇ. ಸುಮ್ಮನೆ ಕುಳಿತಿದ್ದರೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ, ಅಷ್ಟೂ ಮರಳಿ ಬರಬೇಕು. ಪಾದದಿಂದ ಮೇಲೇರುವಾಗ ಹೃದಯದ ಒತ್ತಡ ಬಹುಮಟ್ಟಿಗೆ ಮುಗಿದಿರುತ್ತದೆ. ನಡೆದಾಗ ಮೀನಖಂಡದ ಸ್ನಾಯುಗಳು ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ, ಒಳಗಿನ ಕವಾಟಗಳು ಅದು ಕೆಳಕ್ಕೆ ಜಾರದಂತೆ ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಅಲ್ಲೇ ತಂಗಿ, ನಾಳ ಉಬ್ಬಿ ಸುರುಳಿಯಾಗುತ್ತದೆ. ಹಾಸನದ ತಾಯಿಯವರೇ, ನಿಮ್ಮ ತಂದೆಯವರಂತೆ ನಿಂತೇ ದುಡಿಯುವವರಲ್ಲಿ ಇದನ್ನು ಬಹಳ ನೋಡಿದ್ದೇನೆ.

ನಿಜವಾದ ನರ ಹೊರಗೆ ಕಾಣುವುದು ತೀರ ಅಪರೂಪ, ಬೆರಳಿಗೆ ಸಿಗುವುದೂ ಕೆಲವೇ ಕಡೆ. ಕುಷ್ಠರೋಗದ ಸಮೀಕ್ಷೆಗೆ ಹೋದಾಗ ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು, ನರ ದಪ್ಪವಾಗಿದೆಯೇ ಎಂದು ನೋಡುತ್ತಿದ್ದೆವು. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದಲ್ಲ, ಅದೇ ನರ. ನಾನು ಅಲ್ಲಿ ಒತ್ತುತ್ತಿದ್ದರೆ ಮನೆಯವರು ಮುಂಗೈ ಚಾಚಿ, “ನರ ಇಲ್ಲಿದೆ ಸ್ವಾಮಿ” ಎಂದು ತೋರಿಸುತ್ತಿದ್ದರು. ಸ್ಪರ್ಶ ಹೋದ ಬೆರಳು ಒಲೆಯಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. ‘ನರಕ್ಕೆ ರೋಗ ಬಂದಿದೆ’ ಎಂದರೆ ಅವರು ಮುಂಗೈಯ ನೀಲಿ ಗೆರೆ ನೋಡಿಕೊಂಡು ‘ಚೆನ್ನಾಗಿಯೇ ಇದೆಯಲ್ಲ’ ಎನ್ನುತ್ತಿದ್ದರು. ಆ ಮಾತನ್ನು ತಿದ್ದುವುದಕ್ಕೇ ಅರ್ಧ ಗಂಟೆ ಬೇಕಾಗುತ್ತಿತ್ತು.

ರಕ್ತದ ಫಲಕದಲ್ಲಿ ‘ರಕ್ತನಾಳ’ ಎಂದು ದೊಡ್ಡದಾಗಿ ಬರೆಯಿರಿ; ದಿನಪತ್ರಿಕೆ ಓದುವವರಿಗೆಲ್ಲ ಅದು ಗೊತ್ತು. ಅಪಧಮನಿ, ಅಭಿಧಮನಿಗಳನ್ನು ಸಣ್ಣ ಅಕ್ಷರದಲ್ಲಿ ಇಟ್ಟು ‘ಹೃದಯದಿಂದ’, ‘ಹೃದಯಕ್ಕೆ’ ಎಂದು ಬಾಣ ಹಾಕಿ. ಇನ್ನೊಂದು ವಿನಂತಿ: ನೀಲಿ ಗೆರೆಯ ಪಕ್ಕದಲ್ಲಿ ‘ಅಶುದ್ಧ ರಕ್ತ’ ಎಂದು ಬರೆಯಲೇಬೇಡಿ. ಅದು ಕೊಳೆಯಾದ ರಕ್ತವಲ್ಲ, ಆಮ್ಲಜನಕ ಕಡಿಮೆಯಾದ ರಕ್ತ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಇರುವುದೂ ಅದೇ. ಮೈಯಲ್ಲಿ ಅಶುದ್ಧವಾದದ್ದು ಹರಿಯುತ್ತಿದೆ ಎಂದು ಗೋಡೆಯ ಮೇಲೆ ಬರೆದರೆ ರಕ್ತ ಶುದ್ಧಿ ಮಾಡುವ ಪುಡಿ ಮಾರುವವರು ನಾಳೆಯೇ ಬಾಗಿಲಿಗೆ ಬರುತ್ತಾರೆ.

ಮೈಸೂರಿನಿಂದ:

ನಾಡಿಯ ವಿಷಯದಲ್ಲಿ ತಾವು ಹೇಳಿದ್ದು ಸರಿ. ಹಿಂತೆಗೆದುಕೊಳ್ಳುತ್ತೇನೆ. ಆದರೆ ‘ನರಮಂಡಲ’ವನ್ನು ಒಪ್ಪಲಾರೆ. ಶಿವಮೊಗ್ಗದವರ ಒಯ್ಗೊಳವೆ, ತರುಗೊಳವೆಗಳ ಬಗ್ಗೆ ಮಾತಾಡುವುದಿಲ್ಲ. ಪದ ಕಟ್ಟಲು ಬಂದ ಮಾತ್ರಕ್ಕೆ ಅದು ಭಾಷೆಯಾಗುವುದಿಲ್ಲ. ಸಂಸ್ಕೃತದ ಪದಗಳಿಗೆ ಖಚಿತ ಅರ್ಥವಿದೆ; ದೇಶವೆಲ್ಲ ಒಂದೇ ಅರ್ಥದಲ್ಲಿ ಓದುತ್ತದೆ.

ಧಾರವಾಡದಿಂದ:

‘ದೇಶವೆಲ್ಲ ಒಂದೇ ಅರ್ಥ’ ಎಂಬುದನ್ನು ಒಪ್ಪಲಾಗದು. ಫಲಕದಲ್ಲೇ ಇರುವ ‘ಸ್ನಾಯು’ವನ್ನು ನೋಡಿ. ನಮಗೂ ಮರಾಠಿಯವರಿಗೂ ಅದು ತೋಳಿನಲ್ಲಿ ಉಬ್ಬುವ ಮಾಂಸಖಂಡ. ಬಂಗಾಳಿಯಲ್ಲಿ ಅದು ನರ. ಸುಶ್ರುತಸಂಹಿತೆಯಲ್ಲಿ ಎರಡೂ ಅಲ್ಲ: ಅಲ್ಲಿ ಮಾಂಸಖಂಡಕ್ಕೆ ಪೇಶಿ, ಅವು 500, ಸ್ನಾಯು ಎಂದರೆ ಕಟ್ಟಿಹಿಡಿಯುವ ತಂತು, ಅವು 900. ಸಿರೆಗಳು 700, ಧಮನಿಗಳು 24, ಎರಡೂ ಹೊರಡುವುದು ಹೃದಯದಿಂದಲ್ಲ, ಹೊಕ್ಕುಳಿನಿಂದ. ಧಮನಿಯ ಧಾತುವಿಗೆ ಊದುವುದು ಎಂದರ್ಥ. ಗ್ರೀಕರೂ ಅಪಧಮನಿಯಲ್ಲಿ ಗಾಳಿ ಇದೆಯೆಂದು ನಂಬಿದ್ದರು. ಹೆಣದಲ್ಲಿ ಅದು ಬರಿದಾಗಿ ಕಾಣುತ್ತಿತ್ತು. ರಕ್ತ ಸುತ್ತಿ ಬರುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಹಾರ್ವೆ ತೋರಿಸಿದ್ದು 1628ರಲ್ಲಿ, ಎರಡು ಬಗೆಯ ನಾಳಗಳನ್ನು ಜೋಡಿಸುವ ಲೋಮನಾಳಗಳನ್ನು ಇಟಲಿಯ ವೈದ್ಯ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1661ರಲ್ಲಿ. ಈಗಿನ ಅರ್ಥವನ್ನು ಆ ಹಳೆಯ ಪದಗಳಿಗೆ ತುಂಬಿದವರು ಪಠ್ಯಪುಸ್ತಕ ಬರೆದವರು. ತುಂಬಿದ್ದು ಒಳ್ಳೆಯದೇ ಆಯಿತು: ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ, ಬಹಳ ಚೆಂದದ ಜೋಡಿ. ಆದರೆ ಆ ಉಪಸರ್ಗ ಗೊತ್ತಿರುವವರಿಗೆ ಮಾತ್ರ ಅದು ಚೆಂದ. ಉಳಿದವರಿಗೆ ಒಂದಕ್ಷರದ ವ್ಯತ್ಯಾಸ. ಪರೀಕ್ಷೆಯಲ್ಲಿ ಮಕ್ಕಳು ಅದಲುಬದಲು ಮಾಡುವುದನ್ನು ಪ್ರತಿವರ್ಷ ನೋಡುತ್ತೇನೆ.

ಅರಿಸಮಾಸದ ಬಗ್ಗೆಯೂ ಒಂದು ಮಾತು. ಬಿರುದುಗಳಿಗೂ ಹಿಂದಿನವರ ಬಳಕೆಗೂ ವ್ಯಾಕರಣವೇ ವಿನಾಯಿತಿ ಕೊಟ್ಟಿದೆ. ‘ಮಂಗಳಾರತಿ’ಯನ್ನು ಯಾರೂ ಬಿಟ್ಟಿಲ್ಲ. ಎಷ್ಟೋ ಶಾಲೆಗಳಲ್ಲಿ ಕಲಿಸಿದ ‘ನರಮಂಡಲ’ವೂ ಈಗ ಹಿಂದಿನವರ ಬಳಕೆಯೇ.

ಶಿವಮೊಗ್ಗದಿಂದ:

ಹಾಗಾದರೆ ಇವತ್ತು ಕಟ್ಟಿದ ಪದವೂ ನಾಳೆ ಹಿಂದಿನವರ ಬಳಕೆಯಾಗುತ್ತದೆ. ಪಠ್ಯಪುಸ್ತಕದವರು ಅಭಿಧಮನಿಯನ್ನು ಕೂರಿಸಬಹುದಾದರೆ ನಾವು ತರುಗೊಳವೆಯನ್ನು ಏಕೆ ಕೂರಿಸಬಾರದು? ‘ನಾಳ’ ಎಂದರೆ ಒಪ್ಪುವವರು ‘ಕೊಳವೆ’ ಎಂದರೆ ಮುಖ ತಿರುಗಿಸುತ್ತಾರೆ. ಕನ್ನಡದ ಪದ ಕೊಳಾಯಿ ರಿಪೇರಿಗೆ ಸಾಕು, ಮೈಯ ವಿಷಯಕ್ಕೆ ಸಾಲದು ಎಂಬ ಈ ಎಣಿಕೆ ನನಗೆ ನೋವು ತರುತ್ತದೆ.

ರಾಯಚೂರಿನಿಂದ:

ಕೂರಿಸಿ, ಬೇಡವೆನ್ನುವುದಿಲ್ಲ. ಶಾಲೆಯಲ್ಲಿ ಕೂರಿಸಿ, ಕತೆಯಲ್ಲಿ ಕೂರಿಸಿ. ಆಸ್ಪತ್ರೆಯ ಗೋಡೆಯ ಮುಂದೆ ನಿಂತವರು ಅದೇ ಪದವನ್ನು ಒಳಗೆ ಹೋಗಿ ವೈದ್ಯರಿಗೆ ಹೇಳಬೇಕು. ಒಳಗಿನವರ ಬಾಯಲ್ಲಿ ಇಲ್ಲದ ಪದವನ್ನು ಗೋಡೆಯ ಮೇಲೆ ಹಾಕಿದರೆ ಇನ್ನೊಂದು ತಪ್ಪು ಚೀಟಿ ಬರುತ್ತದೆ.

ಹಾಸನದಿಂದ:

ಎಲ್ಲರಿಗೂ ಕೃತಜ್ಞತೆಗಳು. ರಕ್ತದ ಫಲಕದಲ್ಲಿ ‘ರಕ್ತನಾಳ’, ಸಣ್ಣ ಅಕ್ಷರದಲ್ಲಿ ಎರಡು ಧಮನಿಗಳು, ಬಾಣಗಳ ಸಮೇತ. ‘ಅಶುದ್ಧ’ ತೆಗೆದಿದ್ದೇನೆ. ನರದ ಫಲಕಕ್ಕೆ ‘ನರಮಂಡಲ: ಮಿದುಳು, ಮಿದುಳುಬಳ್ಳಿ, ನರಗಳು’ ಎಂಬ ತಲೆಬರಹ. ಅದರ ಕೆಳಗೆ ಮುಂಗೈಯ ಚಿತ್ರ ಹಾಕಿಸಿ ಹೀಗೆ ಬರೆದಿದ್ದೇನೆ: ‘ಚರ್ಮದಡಿ ನೀಲಿಯಾಗಿ ಕಾಣುವುದು ರಕ್ತನಾಳ. ನರ ಹೊರಗೆ ಕಾಣದು. ಜೋಮು, ಉರಿ, ಸ್ಪರ್ಶ ತಿಳಿಯದಿರುವುದು ನರದ ತೊಂದರೆಯ ಗುರುತಾಗಿರಬಹುದು.’ ತಂದೆಯವರಿಗೆ ಓದಿ ಹೇಳಿದೆ. ಅವರು ತಮ್ಮ ಕಾಲನ್ನು ನೋಡಿಕೊಂಡು, ‘ಹಾಗಾದರೆ ಇದು ನಾಳ’ ಎಂದರು.

ಇನ್ನೊಂದು ಪದ ಉಳಿದಿದೆ, ಇಂದು ರಾತ್ರಿಯೊಳಗೆ ತಿಳಿಸಿದರೆ ಸಾಕು. ಉಸಿರಾಟದ ಫಲಕದಲ್ಲಿ ಶ್ವಾಸಕೋಶದ ಕೆಳಗಿನ ಸ್ನಾಯುವಿನ ಹಾಳೆಗೆ ಪಠ್ಯಪುಸ್ತಕದ ‘ವಪೆ’ಯನ್ನೇ ಬರೆದಿದ್ದೆ. ಸಂಸ್ಕೃತದ ‘ವಪಾ’ ಕರುಳನ್ನು ಹೊದಿಸಿದ ಕೊಬ್ಬಿನ ಪೊರೆ ಎಂದು ಈಗ ನಿಘಂಟಿನಲ್ಲಿ ನೋಡಿದೆ. ಬಿಡಲೇ, ಇಡಲೇ?