ಮಂಡಿಯಲ್ಲಿ "ಗ್ಯಾಪ್" ಬಂದರೆ ಸಂದು ಹಿಗ್ಗಿತೋ, ಕುಗ್ಗಿತೋ?

ಹೋದ ವಾರ ಆಯಿಯನ್ನು ಶಿರಸಿಯಲ್ಲಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಹೊರಗೆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಮೂವರು ಹೇಳಿದ್ದು ಒಂದೇ ಮಾತು, "ನಂಗೂ ಗ್ಯಾಪ್ ಬಂದಿದೆ." ಒಳಗೆ ಹೋದರೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಗ್ಯಾಪ್ ಕಡಿಮೆಯಾಗಿದೆ ಅಮ್ಮ" ಅಂದರು. ಆಯಿಗೆ ಖುಷಿಯೋ ಖುಷಿ. ಕಡಿಮೆ ಆಯಿತಲ್ಲ, ಇನ್ನೇನು ಗುಣವಾದಂತೆ!

ವಿಷಯ ಪೂರಾ ಉಲ್ಟಾ. ಎರಡು ಮೂಳೆಗಳ ತುದಿಗೆ ನುಣ್ಣಗಿನ ಮೆದುಮೂಳೆಯ ಹೊದಿಕೆ ಇರುತ್ತದೆ. ಪುಸ್ತಕದಲ್ಲಿ ಇದು ಮೃದ್ವಸ್ಥಿ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಮೂಳೆಗಳ ನಡುವೆ ಖಾಲಿ ಸಂದು ಇದ್ದಂತೆ ತೋರುತ್ತದೆ. ಹೊದಿಕೆ ಸವೆದರೆ ಆ ಸಂದು ಕಿರಿದಾಗುತ್ತದೆ. ಅಂದರೆ ಗ್ಯಾಪ್ ಇರಬೇಕು, ಹೋದರೆ ತೊಂದರೆ. ಮೆದುಮೂಳೆಗೆ ರಕ್ತನಾಳವಿಲ್ಲ, ಸವೆದದ್ದು ಸುಲಭಕ್ಕೆ ತುಂಬಿಕೊಳ್ಳುವುದೂ ಇಲ್ಲ. "ಗ್ಯಾಪ್ ಬಂತು" ಅನ್ನುವ ಮಾತು ಹೇಗೆ ಹುಟ್ಟಿತೋ!

ಅಲ್ಲಿಂದ ತಲೆಗೆ ಹುಳ ಹೊಕ್ಕಿತು. ಜಾಯಿಂಟಿಗೆ ನಮ್ಮಲ್ಲಿ ಕೀಲು, ಸಂದು, ಗಂಟು, ಗೆಣ್ಣು ಅಂತ ನಾಲ್ಕು ಮಾತಿವೆ. ಒಂದರ ಬದಲು ಇನ್ನೊಂದನ್ನು ಸುಮ್ನೆ ಬಳಸುತ್ತೇವೆ, ಆದರೆ ಒಂದೊಂದೂ ನೋಡುವುದು ಬೇರೆಯದನ್ನೇ ಅಲ್ವಾ? ಸಂದು ಕಾಣುವುದು ನಡುವಿನ ಜಾಗವನ್ನು, ಹಲ್ಲಿನ ಸಂದು, ಹಲಗೆಯ ಸಂದು ಇದ್ದ ಹಾಗೆ. ಗಂಟು ಕಾಣುವುದು ಉಬ್ಬನ್ನು. ಗೆಣ್ಣೂ ಹಾಗೇ, ಕಬ್ಬಿಗೂ ಬಿದಿರಿಗೂ ಬೆರಳಿಗೂ ಒಂದೇ ಪದ, ಕಬ್ಬಿನ ಗೆಣ್ಣು ಮಡಚುವುದಿಲ್ಲ ಅನ್ನುವುದನ್ನು ಬಿಟ್ಟರೆ. ಅಲುಗಾಟ ಇರುವುದು ಕೀಲಿನಲ್ಲಿ ಮಾತ್ರ, ಕೀಲುಗೊಂಬೆ ಅನ್ನುವುದಿಲ್ಲವೇ? ತಲೆಬುರುಡೆಯ ಮೂಳೆಗಳು ಗರಗಸದ ಹಲ್ಲಿನಂತೆ ಒಂದರೊಳಗೊಂದು ಕಚ್ಚಿಕೊಂಡಿವೆ, ದೊಡ್ಡವರಲ್ಲಿ ಅಲುಗುವುದಿಲ್ಲ. ಅದನ್ನು ಕೀಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೀಲಿನ ಬಗೆಗಳಿಗೆ ಮನೆಯಲ್ಲೇ ಹೆಸರು ಸಿಗುತ್ತವೆ. ಸೊಂಟದ ಕೀಲು ನೋಡಿ. ತೊಡೆಮೂಳೆಯ ಗುಂಡುತಲೆ ಆಳದ ಕುಳಿಯಲ್ಲಿ ಕೂತು ಎಲ್ಲ ಕಡೆಗೂ ತಿರುಗುತ್ತದೆ. ಒರಳು ಮತ್ತು ಗುಂಡುಕಲ್ಲೇ! "ಒರಳುಗೀಲು" ಅಂದರೆ ಆಯಿಗೆ ಅರ್ಧ ಮಾತಿಗೇ ತಿಳಿಯುತ್ತದೆ. ಭುಜದ್ದೂ ಅದೇ ಜಾತಿ, ಆದರೆ ಅಲ್ಲಿ ಒರಳಿಲ್ಲ, ಬರೀ ತಟ್ಟೆ. ಅದಕ್ಕೇ ಕೈ ಅಷ್ಟು ಸಲೀಸಾಗಿ ಸುತ್ತುತ್ತದೆ, ಅಷ್ಟೇ ಸಲೀಸಾಗಿ ಭುಜ ತಪ್ಪುತ್ತದೆ.

ಮೊಣಕೈ ಬಿಜಾಗರಿ ಬಾಗಿಲು, ಮಡಚು, ಬಿಚ್ಚು, ಅಷ್ಟೇ. ಮಂಡಿಯೂ ಹೆಚ್ಚುಕಡಿಮೆ ಹಾಗೇ, ಮಡಚಿದಾಗ ಚೂರು ತಿರುಚುತ್ತದೆ ಕೂಡ. ಕುತ್ತಿಗೆಯದು ನಮ್ಮ ಹಳೇಮನೆಯ ಬಾಗಿಲು. ಅದಕ್ಕೆ ಬಿಜಾಗರಿ ಇಲ್ಲ. ಬಾಗಿಲಿನದೇ ಮರದ ಗೂಟ, ಮೇಲೊಂದು ಕೆಳಗೊಂದು, ತೂತಿನಲ್ಲಿ ಕೂತು ಕಿರ್ರ್ ಅಂತ ತಿರುಗುತ್ತದೆ. ಕುತ್ತಿಗೆಯಲ್ಲೂ ಎರಡನೆಯ ಮೂಳೆಯ ಗೂಟ ಮೊದಲನೆಯ ಮೂಳೆಯ ಬಳೆಯೊಳಗೆ ನಿಂತಿದೆ. "ಇಲ್ಲ" ಅಂತ ತಲೆ ಆಡಿಸುವುದು ಮುಖ್ಯವಾಗಿ ಅಲ್ಲೇ. "ಹೌದು" ಅನ್ನುವುದು ಅದರ ಮೇಲಿನ ಕೀಲಿನಲ್ಲಿ, ಬುರುಡೆಗೂ ಮೊದಲ ಮೂಳೆಗೂ ನಡುವೆ.

ಈಗ ನನ್ನ ಪ್ರಶ್ನೆಗಳು. ಬಾಗಿಲಿನ ಆ ಗೂಟಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ನಮ್ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕಾರವಾರದವರು ಕೊಂಕಣಿಯಲ್ಲಿ ಮೈಯ ಕೀಲಿಗೆ "ಸಾಂದೊ" ಅನ್ನುತ್ತಾರೆ. ಅಲ್ಲಿಯ ಕನ್ನಡದಲ್ಲಿ ಸಂದು ಜಾಸ್ತಿಯೋ, ಕೀಲು ಜಾಸ್ತಿಯೋ? ಮತ್ತೆ, ಈ "ಗ್ಯಾಪ್ ಬಂತು" ಬದಲು ಹೇಳಲು ಏನಿದೆ? "ಮಂಡಿ ಸವೆತ" ನನಗೆ ಸರಿ ಕಾಣುತ್ತದೆ. ಬೇರೆ ಇದ್ದರೆ ಬೇಗ ತಿಳಿಸಿ. ಆಯಿ ನಿನ್ನೆ ರಾತ್ರಿಯೇ ಚಿಕ್ಕಮ್ಮನಿಗೆ ಫೋನು ಮಾಡಿ, "ಗ್ಯಾಪ್ ಇತ್ತು, ಈಗ ಕಡ್ಮೆ ಆಜಡ" (ಆಗಿದೆಯಂತೆ) ಅಂತ ಸುದ್ದಿ ಮುಟ್ಟಿಸಿಯಾಗಿದೆ.