ಸಹಾಯ ಬೇಕು: ಎಚ್‌ಪಿವಿ ಮತ್ತು ಗಂಟಲ ಕ್ಯಾನ್ಸರ್ ಬಗ್ಗೆ ಕರಪತ್ರ

ಎಲ್ಲರಿಗೂ ನಮಸ್ಕಾರ. ಬಾಯಿ, ಗಂಟಲಿನ ಕ್ಯಾನ್ಸರ್‌ಗೂ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್‌ಗೂ ಇರುವ ನಂಟಿನ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಗುಂಪಿನಲ್ಲಿ ದಂತವೈದ್ಯರು, ಇಎನ್‌ಟಿ ಡಾಕ್ಟರು, ನರ್ಸ್‌ಗಳು ಇದ್ದರೆ ದಯವಿಟ್ಟು ಒಮ್ಮೆ ಓದಿ ತಿದ್ದಿಕೊಡಿ.

ಬಾಯಿ ಕ್ಯಾನ್ಸರ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ತಂಬಾಕು. ಅದು ಸರಿಯೇ. ಆದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಬರುವ ಕ್ಯಾನ್ಸರ್‌ಗೆ ಎಚ್‌ಪಿವಿ, ಅದರಲ್ಲೂ 16ನೇ ಬಗೆ, ಕಾರಣವಾಗಬಹುದು. ಸಿಗರೇಟು ಮುಟ್ಟದವರಿಗೂ ಬರುತ್ತದೆ. ಎಷ್ಟೋ ಸಲ ಕುತ್ತಿಗೆಯಲ್ಲಿ ನೋವಿಲ್ಲದ ಒಂದು ಗಂಟು ಕಾಣಿಸುವುದೇ ಮೊದಲ ಗುರುತು. ಗಡ್ಡ ಬೋಳಿಸುವಾಗ ಕೈಗೆ ಸಿಗುತ್ತದೆ, ನೋವಿಲ್ಲವಲ್ಲ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಇದನ್ನೇ ಜಾಸ್ತಿ ಒತ್ತಿ ಹೇಳಬೇಕು ಅನ್ನಿಸುತ್ತದೆ. ಗರ್ಭಕಂಠದ ಜೀವಕೋಶ ತೆಗೆದು ಕ್ಯಾನ್ಸರ್‌ನ ಸುಳಿವನ್ನು ಮೊದಲೇ ಹುಡುಕುವ ಪ್ಯಾಪ್ ಪರೀಕ್ಷೆಯಂಥದ್ದು ಗಂಟಲಿಗೆ ಇಲ್ಲ ನೋಡಿ.

ನನಗೆ ಕಷ್ಟವಾಗಿರುವುದು ಒಂದೇ ಕಡೆ. ಈ ವೈರಸ್ ಗಂಟಲಿಗೆ ಹರಡುವುದು ಮುಖ್ಯವಾಗಿ ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ. ಇದನ್ನು ಮುಚ್ಚುಮರೆ ಇಲ್ಲದೆ, ಆದರೆ ರೋಗಿಗೆ ನಾಚಿಕೆಯಾಗದಂತೆ ಹೇಗೆ ಬರೆಯುವುದು? ಸೋಂಕು ತುಂಬಾ ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ದಶಕಗಳೇ ಬೇಕು. ಹಾಗಿರುವಾಗ ಯಾರನ್ನೂ ದೂರುವ ಮಾತೇ ಬರಬಾರದು, ಅಲ್ವಾ?

ಎಚ್‌ಪಿವಿ ತಡೆಯುವ ಲಸಿಕೆ ಹುಡುಗರಿಗೂ ಇದೆ ಅಂತ ಸೇರಿಸಿದ್ದೇನೆ. ಗಂಡುಮಕ್ಕಳ ತಂದೆತಾಯಿಗೆ ಇದನ್ನು ವಿವರಿಸಿ ಅಭ್ಯಾಸ ಇರುವವರು, ಅವರು ಯಾವ ಪ್ರಶ್ನೆ ಕೇಳುತ್ತಾರೆ ಅಂತ ತಿಳಿಸಿ. ಚಿಕಿತ್ಸೆ ಪಡೆದವರು ಇದ್ದರೆ, ಯಾವ ಮಾತು ನಿಮಗೆ ನೋವು ಕೊಟ್ಟಿತು ಅಂತ ನನಗೆ ಖಾಸಗಿಯಾಗಿ ಬರೆದರೂ ಸಾಕು. ಕರಡು ಕಳಿಸುತ್ತೇನೆ.